ಮೊದಲು ಇಳಿಜಾರು ಓದಿ

ಈಗ ನೀವು ನಿಂತಿರುವುದು ಕೆರೆಯೊಳಗೆ. ಬೆಳಗಿನ ಏಳು ಗಂಟೆಯ ಮೆಜೆಸ್ಟಿಕ್. ರಾತ್ರಿ ಬಸ್ಸಿನಿಂದ ಇಳಿದವರು ಬ್ಯಾಗನ್ನು ಕಾಲಸಂದಿಯಲ್ಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದಾರೆ, ಕಂಡಕ್ಟರುಗಳು ಊರೆಲ್ಲ ಕೂಗಿ ಕರೆಯುತ್ತಿದ್ದಾರೆ. ಧರ್ಮಾಂಬುಧಿ ಕೆರೆ ಇದ್ದದ್ದು ಇಲ್ಲೇ. ನಗರ ಯೋಜನೆ ಕಲಿಯಲು ಬಂದ ನಿಮ್ಮ ತಂಡಕ್ಕೆ ಮೇಡಂ ಇನ್ನೂ ನಕ್ಷೆ ಕೊಟ್ಟಿಲ್ಲ. "ಇಲ್ಲಿ ಒಂದು ಕೊಡ ನೀರು ಚೆಲ್ಲಿದ್ರೆ ಯಾವ ಕಡೆ ಹೋಗುತ್ತೆ? ಅದನ್ನ ಹೇಳಿ ಮೊದಲು" ಎಂದಿದ್ದಾರೆ, ಅಷ್ಟೇ.

ಮೊಬೈಲ್ ತೆಗೆದವರಿಗೆ ಉತ್ತರ ಸಿಗುವುದಿಲ್ಲ. ಮೈಸೂರು ಬ್ಯಾಂಕ್ ಸರ್ಕಲ್ ಕಡೆಯಿಂದ ನಡೆದು ಬಂದವರ ಕಾಲಿಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. ಬೆಂಗಳೂರು ದೊಡ್ಡ ನದಿಯ ದಡದಲ್ಲಿಲ್ಲ, ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಜಾರಿದ ಮಳೆನೀರು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತದೆ. ಪೂರ್ವಕ್ಕೆ ಜಾರಿದ್ದು ದಕ್ಷಿಣ ಪಿನಾಕಿನಿಯ ಪಾಲು. ನಿಮ್ಮ ಪಾದದ ಕೆಳಗಿನ ನೀರಿನ ದಾರಿಗೆ ಸರ್ಕಾರಿ ಕಡತದಲ್ಲಿ ಕೆ-100 ಎಂಬ ನಂಬರಿದೆ. ಕೆ.ಆರ್. ಮಾರುಕಟ್ಟೆ, ಶಾಂತಿನಗರ, ಕೋರಮಂಗಲ ದಾಟಿ ಅದು ಬೆಳ್ಳಂದೂರು ಕೆರೆ ಮುಟ್ಟುತ್ತದೆ.

ಶಾಂತಿನಗರದ ಹತ್ತಿರ ಬಸ್ಸಿಳಿದು ಸೇತುವೆಯ ಮೇಲೆ ನಿಲ್ಲುತ್ತೀರಿ. ಕೆಳಗೆ ರಾಜಕಾಲುವೆ. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ನೀರು. ಮಳೆ ಬಂದು ವಾರವಾದರೂ ನೀರು ಹರಿಯುತ್ತಿದ್ದರೆ ಅದು ಎಂಥ ನೀರೆಂದು ಮೂಗೇ ಹೇಳುತ್ತದೆ. ಮೇಡಂ ಎರಡನೆಯ ಪ್ರಶ್ನೆ ಎಸೆಯುತ್ತಾರೆ: "ಇದು ಯಾರದ್ದು?" ನೋಟ್‌ಬುಕ್ಕಿನಲ್ಲಿ ಬರೆಯತೊಡಗುತ್ತೀರಿ. ಕಾಲುವೆ ಪಾಲಿಕೆಯದು. ಅದರೊಳಗೆ ಬರಬಾರದಿದ್ದ ಕೊಳಚೆ ಜಲಮಂಡಳಿಯದು. ಪಕ್ಕದ ಜಾಗದಲ್ಲಿ ಏನು ಕಟ್ಟಬಹುದೆಂದು ಮಾಸ್ಟರ್ ಪ್ಲಾನ್ ಬರೆದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. ಒತ್ತುವರಿ ಅಳೆಯುವವರು ಸರ್ವೆಯವರು. 2015ರ ಮಾಸ್ಟರ್ ಪ್ಲಾನ್ ಪ್ರಕಾರ ದೊಡ್ಡ ಕಾಲುವೆಯ ನಡುಗೆರೆಯಿಂದ 50 ಮೀಟರ್, ಎರಡನೇ ದರ್ಜೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್ ಖಾಲಿ ಬಿಡಬೇಕು. ನೀವು ಹೆಜ್ಜೆ ಹಾಕಿ ಎಣಿಸುತ್ತೀರಿ. ಎಣಿಕೆ ಹತ್ತು ದಾಟುವ ಮೊದಲೇ ಯಾರದೋ ಗೋಡೆ ಅಡ್ಡ ಬರುತ್ತದೆ.

ಮುಂದೆ, ತಗ್ಗಿನ ಒಂದು ಗಲ್ಲಿ. ಮೂರನೆಯ ಪಾಠ ಇಲ್ಲಿ ನಡೆಯುತ್ತದೆ. ಯಾವ ಪಠ್ಯಪುಸ್ತಕಕ್ಕಿಂತಲೂ ಇದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಗೋಡೆಯ ಮೇಲೆ ಪ್ರವಾಹ ಬಿಟ್ಟುಹೋದ ಕಂದು ಗೆರೆಗೆ ನೀವು ಟೇಪು ಹಿಡಿದಿದ್ದೀರಿ. ಬಾಗಿಲಲ್ಲಿ ನಿಂತ ಹೆಂಗಸು ಗಾಬರಿಯಾಗಿ ಕೇಳುತ್ತಾರೆ: "ಏನಮ್ಮಾ ಅಳೀತಿದೀರ? ಒಡೀತಾರಾ?"

"ಇಲ್ಲ ಅಕ್ಕಾ, ನಾವು ಕಾಲೇಜಿನವರು. ನೀರು ಎಲ್ಲೀಗಂಟ ಬಂದಿತ್ತು ಅಂತ ಬರ್ಕೊಳ್ತಿದೀವಿ."

"ಈ ಗೆರೆ ಹಳೇದು. ಆಮೇಲೆ ಇನ್ನೂ ಮೇಲೆ ಬಂತು. ಸುಣ್ಣ ಹೊಡ್ಸಿದೀವಿ, ಕಾಣಲ್ಲ" ಎಂದು ಒಳಗೆ ಕರೆಯುತ್ತಾರೆ. ಕಿಟಕಿಯ ಕೆಳಗೆ ಅಂಗೈ ಇಟ್ಟು ತೋರಿಸುತ್ತಾರೆ. ಫ್ರಿಜ್ಜು ಇಟ್ಟಿಗೆಯ ಮೇಲೆ ಕೂತಿದೆ. ಮೋಡ ಕಟ್ಟಿದರೆ ಮೊದಲು ಮೇಲಕ್ಕೆ ಹೋಗುವುದು ರೇಷನ್ ಕಾರ್ಡು, ಆಧಾರು, ಮಕ್ಕಳ ಮಾರ್ಕ್ಸ್ ಕಾರ್ಡು ಇರುವ ಕವರು. ಆಮೇಲೆ ಅಕ್ಕಿ ಡಬ್ಬ, ಆಮೇಲೆ ಹಾಸಿಗೆ. ಮಂಚ ಹೋದರೆ ಹೋಗಲಿ ಎಂದು ಬಿಟ್ಟಿದ್ದಾರೆ. "ಎಲ್ಲಾನೂ ಎತ್ತಕ್ಕಾಗಲ್ವಲ್ಲ."

ಮೇಡಂ ಆ ಮಾತನ್ನು ಹಾಗೇ ಬರೆದುಕೊಳ್ಳುತ್ತಾರೆ.

ಮಧ್ಯಾಹ್ನ ಕಾಲೇಜಿನ ಸ್ಟುಡಿಯೋದಲ್ಲಿ ಕೊನೆಗೂ ನಕ್ಷೆ ಹರಡುತ್ತದೆ. ಹಳದಿ ವಸತಿ, ನೀಲಿ ವಾಣಿಜ್ಯ, ಹಸಿರು ಉದ್ಯಾನ. ಯಾವ ಜಾಗ ಯಾತಕ್ಕೆ ಎಂದು ಬಣ್ಣ ಹೇಳುತ್ತದೆ. ಮೊದಲು ಯಾವುದು, ದುಡ್ಡು ಯಾರದು, ಯಾವುದನ್ನು ಕೈಬಿಡುವುದು ಎಂದು ಹೇಳುವುದಿಲ್ಲ. ಕಾರ್ಯತಂತ್ರ ಯೋಜನೆ ಶುರುವಾಗುವುದೇ ಅಲ್ಲಿಂದ. ಬಾರ್ಸಿಲೋನಾ 1988ರಲ್ಲಿ ಹೀಗೆ ಕೂತಿತು. ಪಾಲಿಕೆಯ ಜೊತೆ ಬಂದರು ಆಡಳಿತ, ವಿಶ್ವವಿದ್ಯಾಲಯ, ವಾಣಿಜ್ಯ ಮಂಡಳಿ, ಕಾರ್ಮಿಕ ಸಂಘಗಳೂ ಒಂದೇ ಸಮಿತಿಯಲ್ಲಿದ್ದವು. 1990ರಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು, 1992ರಲ್ಲಿ ಒಲಿಂಪಿಕ್ಸ್ ನಡೆಯಿತು. ಒಲಿಂಪಿಕ್ಸ್ ಎಲ್ಲರಿಗೂ ನೆನಪಿದೆ, ಸಮಿತಿ ಯಾರಿಗೂ ನೆನಪಿಲ್ಲ.

ಮೇಜಿನ ಮೇಲೆ ಚೀಟಿಗಳು ಬೀಳುತ್ತವೆ: ಸುರಂಗ ರಸ್ತೆ, ಮೇಲ್ಸೇತುವೆ, ಫುಟ್‌ಪಾತು, ಇನ್ನಷ್ಟು ಬಸ್ಸು, ಒಳಚರಂಡಿ ಜೋಡಣೆ, ಕೆರೆ ಹೂಳು. ಮೂರಕ್ಕಷ್ಟೇ ದುಡ್ಡು. ಗಲಾಟೆ ಜೋರಾಗುತ್ತದೆ. ನೀವು ಮೇಲ್ಸೇತುವೆಯ ಚೀಟಿ ಹಿಡಿದು ವಾದಿಸುತ್ತೀರಿ. ಎದುರಿಗಿರುವ ಹುಡುಗಿ ಬೆಳಗಿನ ಅಳತೆಗಳನ್ನು ಒಂದೊಂದೇ ಓದುತ್ತಾಳೆ. ಸ್ವಲ್ಪ ಹೊತ್ತಿಗೆ ಚೀಟಿ ನಿಮ್ಮ ಕೈಯಿಂದ ಮೇಜಿಗೆ ಇಳಿಯುತ್ತದೆ. ಒಳಚರಂಡಿ ಮೊದಲು, ಯಾಕೆಂದರೆ ಕೊಳಚೆ ಬೇರೆಯಾಗದೆ ಹೂಳೆತ್ತಿದರೆ ಕೆರೆಗೆ ಮತ್ತೆ ಅದೇ ನೀರು ಬರುತ್ತದೆ. ಹೀಗೆ ಒಂದರ ಹಿಂದೆ ಒಂದನ್ನು ನಿಲ್ಲಿಸುವುದನ್ನು ಕಲಿಯಲು ಎರಡು ವರ್ಷದ ಕೋರ್ಸು ಸಾಲದು ಅನ್ನಿಸುವುದು ಆಗ.

"ನಾವು ಆರಿಸಿದ್ದು ಸರಿ ಅಂತ ಯಾರು ಹೇಳ್ಬೇಕು ಮೇಡಂ?" ಎಂದು ಯಾರೋ ಕೇಳುತ್ತಾರೆ. ಉತ್ತರ ಸಂವಿಧಾನದಲ್ಲಿದೆ. 1992ರ 74ನೇ ತಿದ್ದುಪಡಿ ನಗರ ಯೋಜನೆಯನ್ನು ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಯಿತು. ಬೆಂಗಳೂರಿನಲ್ಲಿ ಆದದ್ದು ಬೇರೆ. ಮಾಸ್ಟರ್ ಪ್ಲಾನ್ ಬಿಡಿಎ ಕೈಯಲ್ಲೇ ಉಳಿಯಿತು. 2031ರ ಕರಡು 2017ರ ನವೆಂಬರಿನಲ್ಲಿ ಹೊರಬಂದು 2020ರಲ್ಲಿ ವಾಪಸಾಯಿತು; 2015ಕ್ಕೆಂದು ಬರೆದ ಯೋಜನೆಯಲ್ಲೇ ನಗರ ಮುಂದೆ ನಡೆಯಿತು. ಅದೇ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿಯೂ ಮುಗಿಯಿತು. ಆಮೇಲೆ ಐದು ವರ್ಷ ಪಾಲಿಕೆಗೆ ಚುನಾವಣೆ ನಡೆಯಲಿಲ್ಲ. ಕೇಳುವವರೇ ಇಲ್ಲದ ಊರಿನಲ್ಲಿ ಚೀಟಿ ಆರಿಸುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಯಾವಾಗ ಕರಡು ಪ್ರಕಟವಾದರೂ ಆಕ್ಷೇಪಣೆ, ಸಲಹೆ ಕೊಡಲು ಜನರಿಗೆ ಕಾಲಾವಕಾಶ ಕೊಡಲೇಬೇಕು. ಆಗ ನಿಮ್ಮ ಬೀದಿಯಲ್ಲಿ ನೀರು ಎಷ್ಟು ಅಡಿ ನಿಂತಿತ್ತು, ಯಾವ ಕಡೆಯಿಂದ ಬಂತು ಎಂಬುದನ್ನು ತಾರೀಖು ಸಮೇತ ಬರೆದುಕೊಡಿ, ಸ್ವೀಕೃತಿ ಇಸಿದುಕೊಳ್ಳಿ.