ಕಾಣದ ದಾರಿಯ ವಿದ್ಯೆ, ಕಾಣುವ ಲೆಕ್ಕ

ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ಉಚ್ಚಿಲ, ಎರ್ಮಾಳು, ಪಡುಬಿದ್ರಿಗಳ ಕಡಲವರು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಆದರೆ ಮಳೆಮೋಡ ಕವಿದು ದೀಪವೇ ಕಾಣದ ರಾತ್ರಿಯಲ್ಲಿ ದೋಣಿಯಲ್ಲಿರುವವನು ದಿಕ್ಸೂಚಿಯನ್ನು ನಂಬಬೇಕೇ ಹೊರತು ತನ್ನ ಊಹೆಯನ್ನಲ್ಲ. ಆಕಾಶದಲ್ಲಿಯೂ ಇದೇ ನ್ಯಾಯ. ನೆಲವಾಗಲಿ ದಿಗಂತವಾಗಲಿ ಕಾಣದಿರುವಾಗ ಎದುರಿನ ಉಪಕರಣಗಳನ್ನಷ್ಟೇ ಓದಿಕೊಂಡು ವಿಮಾನ ನಡೆಸಬಲ್ಲೆನೆಂದು ಪೈಲಟ್ ಪರೀಕ್ಷೆಯಲ್ಲಿ ತೋರಿಸಿ ಪಡೆಯುವ ಅರ್ಹತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂದು ಹೆಸರು. ಈ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿಯಬೇಕೆಂಬುದು ಮೇಲ್ನೋಟಕ್ಕೆ ಹಣ ಮತ್ತು ಅನುಕೂಲದ ಪ್ರಶ್ನೆ. ಒಳಹೊಕ್ಕು ನೋಡಿದರೆ ಅದೊಂದು ನೀತಿಯ ಪ್ರಶ್ನೆ.

ಉಚ್ಚಿಲದಲ್ಲಿ ಜವಳಿ ವ್ಯಾಪಾರ ನಡೆಸುವ ಒಬ್ಬ ಗೃಹಸ್ಥರ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿದ ಮಗಳು ಪೈಲಟ್ ಆಗಬೇಕೆಂದು ನಿಶ್ಚಯಿಸಿದ್ದಳು. ಶುಲ್ಕ ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಮುಗಿಸಿಕೊಂಡಿದ್ದಳು; ಅದು ವಿವೇಕದ ಕೆಲಸ. ಕರಾವಳಿಯ ಮಕ್ಕಳು ಈ ವಿದ್ಯೆಗೆ ಬೆಂಗಳೂರಿನ ಜಕ್ಕೂರು, ಬೆಳಗಾವಿ, ಕಲಬುರಗಿಗಳತ್ತ ನೋಡುತ್ತಾರೆ. ಕೆಲವರು ಉತ್ತರಪ್ರದೇಶದ ಫುರ್ಸತ್‌ಗಂಜ್‌ಗೆ, ಇನ್ನು ಕೆಲವರು ಹೊರದೇಶಗಳಿಗೆ ಹೋಗುತ್ತಾರೆ. ವಿಚಾರಿಸುತ್ತ ಹೋದಂತೆ ಈ ಮನೆಯವರ ಮುಂದೆ ಕೊನೆಗೆ ಎರಡು ಶಾಲೆಗಳು ಉಳಿದವು. ಒಂದರ ಶುಲ್ಕ ಕಡಿಮೆ, ಅವಧಿಯೂ ಕಡಿಮೆ. ಅಲ್ಲಿಯ ಪ್ರತಿನಿಧಿ, ‘ಗಂಟೆಗಳ ಚಿಂತೆ ನಿಮಗೆ ಬೇಡ, ಅದನ್ನು ನಾವು ಹೊಂದಿಸಿಕೊಡುತ್ತೇವೆ’ ಎಂದಿದ್ದರು. ಇನ್ನೊಂದು ಶಾಲೆಯವರು, ಮಳೆಗಾಲದಲ್ಲಿ ಹಾರಾಟ ಕಡಿಮೆಯಾಗುತ್ತದೆ, ಎರಡು ವರ್ಷ ಹಿಡಿದೀತು ಎಂದು ಮೊದಲೇ ಹೇಳಿದರು. ಕಾರ್ಕಳದಿಂದ ಬಂದಿದ್ದ ಸೋದರಮಾವನವರಿಗೆ ಮೊದಲನೆಯ ಶಾಲೆಯೇ ಸರಿಯೆನಿಸಿತು. ಬ್ಯಾಂಕಿನ ಬಡ್ಡಿ ಯಾರಿಗೂ ಕಾಯುವುದಿಲ್ಲ, ಒಂದು ವರ್ಷ ಮೊದಲು ಕೆಲಸ ಸಿಕ್ಕಿದರೆ ಒಂದು ವರ್ಷದ ಸಂಬಳ ಕೈಗೆ ಬಂದಂತೆ ಎಂಬ ಅವರ ವಾದ ವ್ಯಾಪಾರದ ದೃಷ್ಟಿಯಿಂದ ತಪ್ಪೇನೂ ಅಲ್ಲ.

ಆದರೆ ಯಾವುದೇ ಸರಕಿನ ಬೆಲೆ ಕಟ್ಟುವ ಮೊದಲು ಆ ಸರಕು ಏನೆಂಬುದು ತಿಳಿದಿರಬೇಕು. ಮನುಷ್ಯನ ಒಳಗಿವಿಯಲ್ಲಿ ಮೂರು ಅರ್ಧವೃತ್ತ ನಾಳಗಳಿವೆ. ಅವುಗಳಲ್ಲಿರುವ ದ್ರವದ ಚಲನೆಯಿಂದ ದೇಹಕ್ಕೆ ತಿರುಗುವಿಕೆಯ ಅರಿವಾಗುತ್ತದೆ. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಆ ದ್ರವವೂ ಅದೇ ವೇಗದಲ್ಲಿ ತಿರುಗತೊಡಗಿ, ನೇರವಾಗಿ ಹೋಗುತ್ತಿದ್ದೇನೆಂಬ ಭ್ರಮೆ ಹುಟ್ಟುತ್ತದೆ. ಆಗ ಪೈಲಟ್ ವಿಮಾನವನ್ನು ಸರಿಪಡಿಸಿದರೆ, ಸರಿಪಡಿಸಿದ್ದೇ ವಾಲಿದಂತೆ ತೋರುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಈ ತರಬೇತಿಯಿಲ್ಲದ 20 ಮಂದಿ ಪೈಲಟ್‌ಗಳನ್ನು ಹೊರಗಿನ ನೋಟ ಕಾಣದಂತೆ ಮಾಡಿ ಪರೀಕ್ಷಿಸಿದರು. 20 ಮಂದಿಯೂ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು, ಮೂರು ನಿಮಿಷಕ್ಕೂ ಕಡಿಮೆ. ಹೊರಗೆ ನೋಡದೆ ಉಪಕರಣಗಳ ಬಲದಿಂದಲೇ ಮೇಲೇರಿ, ಹಾರಿ, ಮರಳಿ ಇಳಿಯಬಹುದೆಂದು ಜೇಮ್ಸ್ ಡೂಲಿಟಲ್ 1929ರ ಸೆಪ್ಟೆಂಬರ್ 24ರಂದು ತೋರಿಸಿ ಆಗಲೇ 25 ವರ್ಷ ಕಳೆದಿದ್ದವು. ಉಪಕರಣಗಳಿದ್ದರೆ ಸಾಲದು, ತನ್ನ ದೇಹ ಹೇಳುವುದನ್ನು ಬದಿಗಿಟ್ಟು ಅವು ಹೇಳುವುದನ್ನು ಒಪ್ಪುವ ಅಭ್ಯಾಸ ಬೇಕು. ಶಾಲೆ ಕೊಡಬೇಕಾದ ಸರಕು ಆ ಅಭ್ಯಾಸ. ಪ್ರಮಾಣಪತ್ರ ಅದರ ರಸೀದಿ ಮಾತ್ರ.

ಅಭ್ಯಾಸವನ್ನು ಅಳೆಯುವ ಮಾನ ಗಂಟೆ. ವೃತ್ತಿ ಪೈಲಟ್ ಪರವಾನಗಿಗೆ ಭಾರತದ ನಿಯಮದಂತೆ 200 ಗಂಟೆಗಳ ಹಾರಾಟ ಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಉಪಕರಣಗಳ ಆಧಾರದ 40 ಗಂಟೆಗಳು ಬೇಕು. ಅವುಗಳಲ್ಲಿ 20ಕ್ಕಿಂತ ಹೆಚ್ಚು ಗಂಟೆಗಳನ್ನು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕಳೆಯುವಂತಿಲ್ಲ. ಇದಲ್ಲದೆ ವಿಮಾನದ ಹೊಣೆಯನ್ನು ತಾನೇ ಹೊತ್ತು ಊರಿಂದೂರಿಗೆ ಹಾರಿದ 50 ಗಂಟೆಗಳಿರಬೇಕು. ಇವೆಲ್ಲವೂ ಲಾಗ್‌ಬುಕ್ ಎಂಬ ಪುಸ್ತಕದಲ್ಲಿ ದಿನಾಂಕ ಸಹಿತ ದಾಖಲಾಗಬೇಕು. ವ್ಯಾಪಾರಿಗೆ ರೋಜುಕೀರ್ದಿ ಹೇಗೋ ಪೈಲಟ್‌ಗೆ ಲಾಗ್‌ಬುಕ್ ಹಾಗೆ.

ಆದ್ದರಿಂದಲೇ ‘ಹೊಂದಿಸಿಕೊಡುತ್ತೇವೆ’ ಎಂಬ ಆ ಒಂದು ಮಾತು ಮಗಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹಾರದ ಗಂಟೆಯನ್ನು ಹಾರಿದಂತೆ ಬರೆಯುವುದಕ್ಕೆ ಶಾಸ್ತ್ರದಲ್ಲಿ ಹೊಸ ಹೆಸರು ಹುಡುಕಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ದಾಖಲೆಯ ರಚನೆಯನ್ನು, ಸೇರಿಸಿದೆ; ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ತೂಕ, ಸುಳ್ಳು ಅಳತೆಗಳನ್ನು ಹೇಳಿದೆ. ಲಾಗ್‌ಬುಕ್ಕಿನ ಸುಳ್ಳು ಗಂಟೆಯಲ್ಲಿ ಈ ಎರಡೂ ದೋಷಗಳು ಒಂದಾಗುತ್ತವೆ. ಅಂಗಡಿಯಲ್ಲಿ ತೂಕ ಕಡಿಮೆಯಾದರೆ ಗಿರಾಕಿ ಮನೆಗೆ ಹೋಗಿ ಮತ್ತೆ ತೂಗಿ ನೋಡಬಹುದು, ಮರಳಿ ಬಂದು ಜಗಳವಾಡಬಹುದು. ವಿಮಾನದ ಪ್ರಯಾಣಿಕನಿಗೆ ತೂಗಿ ನೋಡುವ ಉಪಾಯವೇ ಇಲ್ಲ. ಇದು ಕೇವಲ ಕಲ್ಪನೆಯ ಭಯವೂ ಅಲ್ಲ. 2011ರಲ್ಲಿ ನಕಲಿ ಅಂಕಪಟ್ಟಿಗಳನ್ನು ಕೊಟ್ಟು ಪರವಾನಗಿ ಪಡೆದ ಪೈಲಟ್‌ಗಳು ಭಾರತದಲ್ಲಿ ಸಿಕ್ಕಿಬಿದ್ದರು, ಬಂಧನಗಳಾದವು.

ಗಂಟೆಗಳು ನಿಜವಾಗಿದ್ದರೆ ಸಾಕೇ ಎಂದರೆ, ಸಾಲದು ಎಂಬುದಕ್ಕೆ ಉಚ್ಚಿಲದವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು, 166 ಜನರಲ್ಲಿ 158 ಮಂದಿ ಅಸುನೀಗಿದರು. ಅಂದು ದಟ್ಟ ಮೋಡವೇನೂ ಇರಲಿಲ್ಲ. ಮುಖ್ಯ ಪೈಲಟ್ ಸಾವಿರಾರು ಗಂಟೆ ಹಾರಿದ ಅನುಭವಿ. ಆದರೂ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು, ಉಪಕರಣಗಳು ಎಚ್ಚರಿಸಿದವು, ಸಹಪೈಲಟ್ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಹೇಳಿದರು. ಮುಖ್ಯ ಪೈಲಟ್ ಇಳಿಯುವುದನ್ನು ಬಿಡಲಿಲ್ಲವೆಂಬುದೇ ದುರಂತಕ್ಕೆ ನೇರ ಕಾರಣವೆಂದು ತನಿಖಾ ಸಮಿತಿ ಹೇಳಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ನೆನಪು ಇನ್ನೂ ಮಾಸಿಲ್ಲ. ಉಪಕರಣವನ್ನು ಓದಲು ಕಲಿಸುವುದು ಶಾಲೆಯ ಅರ್ಧ ಕೆಲಸ. ಅದು ಬೇಡವೆಂದಾಗ ಹಟವನ್ನು ಬಿಡಲು ಕಲಿಸುವುದು ಉಳಿದರ್ಧ.

ಮಗಳ ತಂದೆ ಎರಡೂ ಶಾಲೆಗಳಿಗೆ ಹೋಗಿಬರುವುದೆಂದು ತೀರ್ಮಾನಿಸಿದರು. ಅವರಿಗೆ ವಿಮಾನದ ವಿಷಯ ತಿಳಿಯದು, ಲೆಕ್ಕದ ವಿಷಯ ತಿಳಿದಿತ್ತು. ಒಂದು ವಿಮಾನ ಹಾರಿದರೆ ಆ ಹಾರಾಟ ಒಂದೇ ಕಡೆ ದಾಖಲಾಗುವುದಿಲ್ಲ. ವಿದ್ಯಾರ್ಥಿಯ ಲಾಗ್‌ಬುಕ್ಕಿನಲ್ಲಿ ಬರೆದ ಗಂಟೆ ವಿಮಾನದ ಸ್ವಂತ ಪುಸ್ತಕದಲ್ಲಿಯೂ ಇರಬೇಕು, ಇಂಜಿನಿನ ಮೀಟರಿನಲ್ಲಿಯೂ ಏರಿರಬೇಕು, ಅದಕ್ಕೆ ತಕ್ಕ ಇಂಧನ ಖರ್ಚಾಗಿರಬೇಕು. ಈ ನಾಲ್ಕೂ ತಾಳೆಯಾದರೆ ಲೆಕ್ಕ ನಿಜ. ಮಾದರಿಗಾಗಿ ಒಂದು ದಿನದ ದಾಖಲೆ ತೋರಿಸಬಹುದೇ ಎಂದು ಅವರು ಎರಡೂ ಕಡೆ ಕೇಳಿದರು. ಒಂದು ಕಡೆ ನಕ್ಕು ಚಹಾ ತರಿಸಿದರು. ಇನ್ನೊಂದು ಕಡೆ ಪುಸ್ತಕ ತಂದು ಮೇಜಿನ ಮೇಲಿಟ್ಟರು.

ಅವರ ಉಳಿದ ಪ್ರಶ್ನೆಗಳೂ ಹೆತ್ತವರು ನೆನಪಿಡತಕ್ಕವು. ಶಾಲೆಯಲ್ಲಿ ಎಷ್ಟು ವಿಮಾನಗಳಿವೆ ಎಂದಲ್ಲ, ಇಂದು ಹಾರಲು ಯೋಗ್ಯವಾದವು ಎಷ್ಟು, ಅವುಗಳಿಗೆ ಕಾಯುತ್ತಿರುವ ವಿದ್ಯಾರ್ಥಿಗಳು ಎಷ್ಟು? ಈ ವಿದ್ಯೆಯನ್ನು ಕಲಿಸಲು ಅರ್ಹತೆಯುಳ್ಳ ಶಿಕ್ಷಕರು ಎಷ್ಟು ಮಂದಿ? ಸಿಮ್ಯುಲೇಟರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ? ಶುಲ್ಕವನ್ನು ಒಟ್ಟಿಗೆ ಕಟ್ಟಬೇಕೇ, ಹಾರಿದ ಗಂಟೆಗಳಿಗೆ ತಕ್ಕಂತೆ ಕಂತುಗಳಲ್ಲಿ ಕಟ್ಟಬಹುದೇ, ನಡುವೆ ಬಿಟ್ಟರೆ ಉಳಿದ ಹಣ ಮರಳುವುದೇ? ಮಹಾನಿರ್ದೇಶನಾಲಯವು 2025ರಿಂದ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ನೀಡತೊಡಗಿದೆ. ಅದನ್ನೂ ನೋಡಬೇಕು, ಆದರೆ ಅದೊಂದನ್ನೇ ನೋಡಬಾರದು. ಕೊನೆಗೆ, ಕಳೆದ ತಿಂಗಳು ಹವೆ ಸರಿಯಿಲ್ಲವೆಂದು ಎಷ್ಟು ಹಾರಾಟಗಳನ್ನು ನಿಲ್ಲಿಸಿದಿರಿ ಎಂದು ಕೇಳಬೇಕು. ಒಂದೂ ಇಲ್ಲವೆಂದು ಹೆಮ್ಮೆಯಿಂದ ಹೇಳುವ ಶಾಲೆಗೆ ಮಗುವನ್ನು ಒಪ್ಪಿಸುವ ಮೊದಲು ಇನ್ನೊಮ್ಮೆ ಯೋಚಿಸುವುದು ಲೇಸು.

ಸೋದರಮಾವನವರು ಇಷ್ಟಕ್ಕೆ ಒಪ್ಪಲಿಲ್ಲ. ‘ಎಲ್ಲರೂ ಹೀಗೆಯೇ ಮಾಡುತ್ತಾರೆ ಮಗಳೇ, ಐದಾರು ಗಂಟೆ ಆಚೀಚೆಯಾದರೆ ಏನಾದೀತು? ಕೆಲಸಕ್ಕೆ ಸೇರಿದ ಮೇಲೆ ಹೇಗೂ ಕಲಿಯುತ್ತೀ’ ಎಂದರು. ಮಗಳು ತಗ್ಗಿದ ಧ್ವನಿಯಲ್ಲಿಯೇ ಉತ್ತರಿಸಿದಳು: ‘ಮಾವ, ಮೋಡದೊಳಗೆ ಹೋದಾಗ ನನ್ನ ಕಿವಿ ನನಗೆ ಸುಳ್ಳು ಹೇಳುತ್ತದೆ. ಆಗ ನನಗೆ ಇರುವ ಆಧಾರ ಕಲಿತದ್ದು ಒಂದೇ. ಕಲಿತದ್ದೂ ಸುಳ್ಳಾದರೆ ನಾನು ಯಾವುದನ್ನು ಹಿಡಿದುಕೊಳ್ಳಲಿ?’ ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಡ್ಡಿಯ ಲೆಕ್ಕವನ್ನು ಎರಡು ವರ್ಷಕ್ಕೆ ಹಾಕಿಕೊಡುವಂತೆ ಭಾವನವರನ್ನು ಕೇಳಿದರು.

ಆ ಲೆಕ್ಕ ಹಗುರವಾಗಿರಲಿಲ್ಲ. ಅಂಗಡಿಯನ್ನು ಹೆದ್ದಾರಿಯ ಬದಿಗೆ ವಿಸ್ತರಿಸುವ ಯೋಚನೆ ಮುಂದಕ್ಕೆ ಹೋಯಿತು. ಮಾವನವರು ತಮ್ಮ ಪಾಲಿನ ಅಡಿಕೆಯ ಹಣದಿಂದ ಒಂದು ಭಾಗ ಕೊಟ್ಟರು. ಜೊತೆಯ ಹುಡುಗಿಯರು ಪದವಿ ಮುಗಿಸಿ ಸಂಬಳ ಎಣಿಸುವ ಹೊತ್ತಿಗೆ ಇವಳು ಇನ್ನೂ ವಿದ್ಯಾರ್ಥಿನಿಯಾಗಿಯೇ ಇರುತ್ತಾಳೆ. ಸತ್ಯವನ್ನು ಪಾಲಿಸಿದ ಮಾತ್ರಕ್ಕೆ ಲಾಭ ತಾನಾಗಿ ಬರುವುದೆಂದು ಯಾರೂ ಆ ಮನೆಯಲ್ಲಿ ನಂಬಿಕೊಂಡಿಲ್ಲ. ಕೆಲಸ ಸಿಗುವುದೋ ಇಲ್ಲವೋ ಎಂಬ ಚಿಂತೆಯೂ ಇದ್ದೇ ಇದೆ.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಬಲ್ಲ ಶ್ರಾವಕರು, ಪ್ರಮಾದವು ಕೃತ್ಯದ ಕ್ಷಣದಲ್ಲಿಯೇ ಹುಟ್ಟುವುದಿಲ್ಲ ಎಂಬುದನ್ನೂ ಬಲ್ಲರು. ರನ್‌ವೇಯ ಅಂಚಿನಲ್ಲಿ ಕಾಣಿಸಿಕೊಳ್ಳುವ ತಪ್ಪಿನ ಬೇರು ಎಷ್ಟೋ ವರ್ಷ ಹಿಂದಿನ ಒಂದು ಸುಳ್ಳು ಸಾಲಿನಲ್ಲಿ ಇರಬಹುದು; ಆ ಸಾಲಿಗೆ ಒಪ್ಪಿಗೆ ಕೊಟ್ಟವರಲ್ಲಿ ಶುಲ್ಕ ಕಟ್ಟಿದ ಹೆತ್ತವರೂ ಸೇರಿರುತ್ತಾರೆ. ಮಕ್ಕಳಿಗೆ ಶಾಲೆಯನ್ನು ಆರಿಸುವಾಗ ಎಷ್ಟು ಬೇಗ, ಎಷ್ಟು ಅಗ್ಗ ಎಂಬ ಪ್ರಶ್ನೆಗಳ ಜೊತೆಗೆ ನಿಮ್ಮ ಪುಸ್ತಕ ತೋರಿಸುವಿರಾ ಎಂಬ ಪ್ರಶ್ನೆಯನ್ನೂ ಕೇಳುವುದು ಗೃಹಸ್ಥರ ಕರ್ತವ್ಯ. ವೈದ್ಯಶಾಲೆಗೂ, ಇಂಜಿನಿಯರಿಂಗ್ ಕಾಲೇಜಿಗೂ ಈ ಪ್ರಶ್ನೆ ಸಲ್ಲುತ್ತದೆ.