ಅರಕೇರಾಕ್ಕೆ ಒಂದು ಪ್ರಯಾಣ

ಕಳೆದ ಮಾರ್ಗಶಿರದಲ್ಲಿ ನಾವು ದೇವದುರ್ಗದಿಂದ ಅರಕೇರಾಕ್ಕೆ ಹೋದೆವು. ಬಸ್ಸಿನ ಮೇಲೆ ನಮ್ಮ ಸಂಗಡ ಒಂದು ಹಳೆಯ ಸೈಕಲ್ಲೂ ಬಂದಿತು. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗುಳ್ಳ, ಹುಡುಗರು 'ಡಬಲ್ ಶಾಕಪ್' ಎನ್ನುವ ಜಾತಿಯದು. ಗತಿಸಿದ ನಮ್ಮ ತಮ್ಮನು 2004ರಲ್ಲಿ ತನ್ನ ಮಗನಿಗೆ ಕೊಡಿಸಿದ್ದು. ಈಗ ಅರಕೇರಾದಲ್ಲಿ ಮನೆಮಾಡಿರುವ ಆ ಮಗನಿಗೆ ಅದನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ.

ಬೆಟ್ಟದ ಹಾದಿಯ ಸೈಕಲ್ಲು ಬಯಲುಸೀಮೆಗೇಕೆಂದು ವಾಚಕರು ನಗಬಹುದು. ಎರೆಭೂಮಿಯ ಬಂಡಿಜಾಡು ಒಣಗಿ ಕಲ್ಲಾದಾಗ ಅದರ ಮೇಲೆ ಹೋದವರು ನಗಲಾರರು. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಎಂಬಾತನು ಚಿಕ್ಕ ಗಾಲಿಯ ಸೈಕಲ್ಲಿಗೆ ಎರಡೂ ಕಡೆ ಇಂಥ ಏರ್ಪಾಡು ಮಾಡಿದನು. 1990ರ ದಶಕದಲ್ಲಿ ಅದು ಬೆಟ್ಟದ ಸೈಕಲ್ಲುಗಳಲ್ಲಿ ಹಬ್ಬಿತು. ಆ ಕಾಲದವನ್ನು ಹುಡುಕಿ ಜೀರ್ಣೋದ್ಧಾರ ಮಾಡುವ ರಸಿಕರು ಪರದೇಶಗಳಲ್ಲಿದ್ದಾರೆ.

ಅಂಗಡಿಯವನು ಹಿಂದಿನ ಗಾಲಿಯನ್ನು ಅಲುಗಿಸಿ ನೋಡಿದನು. ಸ್ಪ್ರಿಂಗು ಗಟ್ಟಿಯಾಗಿತ್ತು, ಕೀಲಿನ ಬುಶ್ಶು ಸವೆದು ಗಾಲಿ ಅಡ್ಡಡ್ಡ ಓಲಾಡುತ್ತಿತ್ತು.

"ಸ್ಪ್ರಿಂಗ್ ಕಿತ್ತು ವೆಲ್ಡಿಂಗ್ ಮಾಡಿಬಿಡ್ತೀನ್ರಿ ಮಾಸ್ತರ್ರ, ಮತ್ತ ತ್ರಾಸ ಇರಂಗಿಲ್ಲ" ಎಂದನು.

ತುಳಿದ ಬಲದಲ್ಲಿ ಸ್ಪ್ರಿಂಗು ಒಂದು ಪಾಲನ್ನು ನುಂಗುವುದೂ ನಿಜವೇ. ತಮ್ಮನ ಮಗನು ಮಾತಾಡದೆ ನಮ್ಮ ಮುಖವನ್ನು ನೋಡಿದನು. ಬೇಡವೆಂದೆವು. ಹಿತ್ತಾಳೆಯ ಬುಶ್ಶನ್ನು ಲೇತಿನಲ್ಲಿ ಕಡೆಯಿಸಿ ತರಲು ರಾಯಚೂರಿಗೆ ಆಳು ಹೋಗಬೇಕಾಯಿತು. ಎಂಟು ದಿನ ಹಿಡಿಯಿತು, ಖರ್ಚನ್ನು ಮನೆಯಲ್ಲಿ ಹೇಳಿಲ್ಲ.

ತುಕ್ಕನ್ನು ಸೀಮೆಎಣ್ಣೆಯಿಂದ ತಿಕ್ಕಿ ತೆಗೆದರು. ಹೊಸ ಬಣ್ಣಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಸೀಟಿನ ಕೆಳಗೆ ನಮ್ಮ ತಮ್ಮನು ಮೊಳೆಯಿಂದ ಕೊರೆದಿದ್ದ ಮಗನ ಹೆಸರು ಇನ್ನೂ ಓದಲು ಬರುತ್ತಿತ್ತು. ಅದರಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ನಾವು ತಿದ್ದಲಿಲ್ಲ.