ಪುಣೆಯ ಥಂಡಿಯಲ್ಲೊಂದು ಚರಗ

ಪುಣೆಯ ಥಂಡಿಯ ಹಿರಿಮೆಯನ್ನು ಈ ಪತ್ರಿಕೆಯ ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ದೀಪಾವಳಿ ಮುಗಿಯಿತೆಂದರೆ ಸಾಕು, ಟ್ರಂಕಿನ ತಳದಲ್ಲಿದ್ದ ಸ್ವೆಟರುಗಳು ನುಸಿಗುಳಿಗೆಯ ವಾಸನೆಯೊಡನೆ ಹೊರಬೀಳುತ್ತವೆ. ನಸುಕಿನಲ್ಲಿ ಹಾಲಿನವನು ಬಾಗಿಲು ಬಡಿದರೆ ಯಾರು ಏಳಬೇಕೆಂಬ ಬಗ್ಗೆ ಗಂಡಹೆಂಡಿರಲ್ಲಿ ವಾದ ಹುಟ್ಟುತ್ತದೆ. ಅದೇ ದಿವಸ ಮಧ್ಯಾಹ್ನ ಕಚೇರಿಯಲ್ಲಿ ಸ್ವೆಟರನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ ಪಂಖಾ ಹಚ್ಚುವುದೂ ಉಂಟು. ಆಕಾಶ ತಿಳಿಯಾಗಿ ಗಾಳಿ ಒಣಗಿರುವ ಈ ದಿನಗಳಲ್ಲಿ ಹಗಲು ನೆಲಕ್ಕೆ ಬಿದ್ದ ಕಾವೆಲ್ಲ ರಾತ್ರಿಯೇ ಮೇಲಕ್ಕೆ ಹಾರಿಹೋಗುತ್ತದೆ. 1935ರ ಜನವರಿ 17ರಂದು ಇಲ್ಲಿಯ ಉಷ್ಣಮಾನ 1.7 ಡಿಗ್ರಿಗೆ ಇಳಿದಿತ್ತು. ಶಿವಾಜಿನಗರದಲ್ಲಿರುವ ಹವಾಮಾನ ಇಲಾಖೆಯ ಕಟ್ಟಡಕ್ಕೆ ಜನ ಇಂದಿಗೂ 'ಸಿಮ್ಲಾ ಆಫೀಸು' ಎನ್ನುತ್ತಾರೆ. ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು, 1944ರಲ್ಲಿ ದಿಲ್ಲಿಗೆ ಹೋಯಿತು. ಹೆಸರು ಮಾತ್ರ ವರ್ಗವಾಗದೆ ಇಲ್ಲಿಯೇ ಉಳಿಯಿತು. ಸರಕಾರಿ ಗುಮಾಸ್ತರಾದ ನಮಗೆ ಇಂಥ ಸಂಗತಿಗಳು ಬೇಗ ಮನಸ್ಸಿಗೆ ಹಿಡಿಸುತ್ತವೆ.

ಥಂಡಿ ಬಂತೆಂದರೆ ಪುಣೆಯ ಕನ್ನಡಿಗರಿಗೆ ಇನ್ನೊಂದು ಹೆಮ್ಮೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯರಾದ ಗದುಗಿನ ಭೀಮಸೇನ ಜೋಶಿಯವರು 1953ರಿಂದ ಗುರುವಿನ ನೆನಪಿಗಾಗಿ ಇಲ್ಲಿ ನಡೆಸಿದ ಸಂಗೀತೋತ್ಸವ ಬರುವುದು ಡಿಸೆಂಬರದಲ್ಲಿಯೇ. ಹಿಂದೆ ಹಾಡಿಕೆ ಕೇಳುತ್ತ ಕೇಳುತ್ತ ಬೆಳಗಾಗುತ್ತಿತ್ತಂತೆ. ಕಂಬಳಿ ಹೊದ್ದು ಕೂತ ಹಿರಿಯರು ಅದನ್ನು ಹೇಳುವಾಗ ಅವರ ಕಣ್ಣು ಈಗಲೂ ತೂಗುತ್ತವೆ. ಧ್ವನಿವರ್ಧಕದ ಕಾಯದೆ ಬಂದು ಆ ಜಾಗರಣೆ ನಿಂತಿತು. ಭೀಮಸೇನರೂ 2011ರ ಜನವರಿಯಲ್ಲಿ, ಥಂಡಿಯಲ್ಲಿಯೇ, ಹೋದರು. ನಾವು ವರ್ಷಕ್ಕೊಂದು ದಿವಸ, ಎಲ್ಲಕ್ಕೂ ಕಡಿಮೆ ದರದ ಟಿಕೀಟಿನಲ್ಲಿ ಹೋಗುತ್ತೇವೆ. ತಿಳಿಯುವುದು ಅರ್ಧ, ಆಗುವ ಸಂತೋಷ ಪೂರ್ತಿ.

ಹೀಗೆ ಸ್ವೆಟರು, ಹಾಡು, ಬಿಸಿ ಚಹಾ ಎಂದು ಥಂಡಿಯ ಸುಖದ ಲೆಕ್ಕ ಇಟ್ಟುಕೊಂಡಿದ್ದ ನಮ್ಮ ಮನೆಗೆ 2024ರ ಬೇಸಗೆಯಲ್ಲಿ ಅವ್ವ ಕಾಯಮ್ಮಾಗಿ ಇರಲು ಬಂದಳು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ವಿಜಾಪುರ ಜಿಲ್ಲೆಯಲ್ಲಿ, ಡೋಣಿ ನದಿಯ ಆಚೆಗೆ, ನಮ್ಮದು ಮೂರು ಎಕರೆ ಎರೆಭೂಮಿ ಇತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಕೇಳದವರು ಆ ಕಡೆಗೆ ಯಾರೂ ಇಲ್ಲ. ಅದನ್ನು ಮಾರಿದೆವು. ಹಡಪಸರದಲ್ಲಿ ಎರಡು ಖೋಲಿಯ ಈ ಮನೆ ಕೊಳ್ಳಲು ಮೊದಲಿಗೆ ಕೊಡಬೇಕಾದ ಹಣ ಬೇರೆಲ್ಲಿಂದಲೂ ಹುಟ್ಟುವಂತಿರಲಿಲ್ಲ. ಅವ್ವ ಸಹಿ ಮಾಡಬೇಕಾದಲ್ಲೆಲ್ಲ ಮಾಡಿದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಡಿಸೆಂಬರದ ಒಂದು ನಸುಕಿನಲ್ಲಿ ಅವ್ವ ಗ್ಯಾಲರಿಯಲ್ಲಿ ಕೌದಿ ಹೊದ್ದು ನಿಂತಿದ್ದಳು. ಥಂಡಿ ಹತ್ತೀತೆಂದು ಒಳಗೆ ಕರೆಯಹೋದೆವು.

"ತಮ್ಮಾ, ಭಾಳ ಚೊಲೊ ಥಂಡಿ ಬಿದ್ದೈತಿ. ಹಿಂಗ ಇಬ್ಬನಿ ಬಿದ್ರ ಜ್ವಾಳ ತೆನಿ ತುಂಬತಾವ," ಅಂದಳು.

ಹಿಂಗಾರಿ ಜೋಳಕ್ಕೆ ಮಳೆಯ ಹಂಗು ಕಡಿಮೆ. ಮಳೆಗಾಲದ ಕೊನೆಗೆ ಬಿತ್ತಿದರೆ ಎರೆಮಣ್ಣು ಒಳಗೆ ಹಿಡಿದಿಟ್ಟ ತೇವದ ಮೇಲೆ, ಥಂಡಿ ಇಬ್ಬನಿಯ ಮೇಲೆ ಅದು ಬೆಳೆಯುತ್ತದೆ. ಬಿ.ಎ. ಆದ ಮೇಲೆ ಅದನ್ನು ಮರೆತಿದ್ದೆವು. ನಮ್ಮ ಥಂಡಿ ಮೈಗೆ, ಅವ್ವನ ಥಂಡಿ ಬೆಳೆಗೆ.

ಮುಂದೆ ಎಳ್ಳಮಾವಾಸ್ಯೆ ಬಂತು. ಬೆಂಗಳೂರು ಮೈಸೂರಿನ ಕಡೆಯ ನಮ್ಮ ಬಂಧುಗಳಿಗಾಗಿ ಒಂದು ಮಾತು: ಆ ದಿವಸ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ ಮಾಡಿ, ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಎಡೆಯನ್ನು ಚೆಲ್ಲುತ್ತ ಹೋಗುವುದು. ಅದೇ ಚರಗ. ಬಸುರಿಗೆ ಬಯಕೆಯ ಊಟ ಇದ್ದ ಹಾಗೆ ತೆನೆಕಟ್ಟಿದ ಹೊಲಕ್ಕೂ ಒಂದು ಊಟ. ನಮ್ಮ ಕಚೇರಿಯ ರಜೆಯ ಪಟ್ಟಿಯಲ್ಲಿ ಮಾತ್ರ ಈ ಹಬ್ಬಕ್ಕೆ ಜಾಗವಿಲ್ಲ.

ಈ ವರ್ಷ ಅವ್ವ ಸುಮ್ಮನಿದ್ದಾಳೆಂದು ನಾವೂ ಸುಮ್ಮನಿದ್ದೆವು. ನಾಲ್ಕು ದಿವಸ ಮೊದಲು ನೋಡಿದರೆ ಸಜ್ಜಿ ಹಸನು ಮಾಡುತ್ತ ಕೂತಿದ್ದಾಳೆ!

"ಹೊಲಾನ ಇಲ್ಲಲ್ಲವಾ," ಎಂದು ನಮ್ಮ ಮನೆಯವಳು ಮೆಲ್ಲಗೆ ಅಂದಳು. ನಾವು ಅಂಥ ಧೈರ್ಯ ಮಾಡಿರಲಿಲ್ಲ.

"ಹೊಲಾ ಮಾರಿದ್ರ ಅಮಾಸಿ ಮಾರಿದಂಗಾತೇನು?" ಅವ್ವ ಮರ ಕೇರುವುದನ್ನು ನಿಲ್ಲಿಸಲಿಲ್ಲ.

ಆಗ ನೆರವಿಗೆ ಬಂದವನು ನಮ್ಮ ಕಟ್ಟಡದ ಕಾವಲುಗಾರ. ಅವನು ಲಾತೂರ ಜಿಲ್ಲೆಯ ಉದಗೀರ ತಾಲ್ಲೂಕಿನವನು. ಅವ್ವ ಅವನೊಡನೆ ಕನ್ನಡದಲ್ಲಿ ಮಾತಾಡುವುದು, ಅವನು ಮರಾಠಿಯಲ್ಲಿ ಉತ್ತರ ಕೊಡುವುದು ದಿನಾಲೂ ನಡೆದೇ ಇತ್ತು. ಊರಲ್ಲಿ 'ವೇಳ ಅಮಾವಾಸ್ಯೆ', ರಜೆ ಕೇಳಿದ್ದೆ, ಬದಲಿಯವನು ಬರಲೊಲ್ಲ ಎಂದು ಅವನು ಗೊಣಗಿದಾಗ ಅವ್ವ ಅಲ್ಲಿಯೇ ನಿಂತಳು. ಅಲ್ಲಿಯೂ ಐದು ಕಲ್ಲು, ಅಲ್ಲಿಯೂ ಪಾಂಡವರು, ಅಲ್ಲಿಯೂ ಸಜ್ಜಿ ರೊಟ್ಟಿ! ಕನ್ನಡದ 'ಎಳ್ಳ'ವೇ ಅಲ್ಲಿ 'ವೇಳ' ಆಗಿದೆಯೆಂದು ಬಲ್ಲವರು ಹೇಳುತ್ತಾರೆ. ಉದಗೀರವು 1956ರ ವರೆಗೆ ಬೀದರ ಜಿಲ್ಲೆಯಲ್ಲಿಯೇ ಇತ್ತಲ್ಲವೆ? ರಾಜ್ಯಗಳ ಗೆರೆ ಎಳೆದವರು ಅಮಾವಾಸ್ಯೆಯ ನಡುವೆ ಗೆರೆ ಎಳೆಯಲಿಲ್ಲ.

"ಆಜೀ, ದಿವೆ ಘಟ್ಟ ಏರಿದರೆ ಸಾಸವಡದ ಕಡೆ ಬೇಕಾದಷ್ಟು ಜೋಳ ನಿಂತಿದೆ. ಯಾರ ಹೊಲವಾದರೇನು?" ಎಂದು ದಾರಿ ತೋರಿದವನು ಅವನೇ.

2024ರ ಡಿಸೆಂಬರ 30, ಸೋಮವಾರ. ಒಂದು ದಿವಸದ ರಜೆ ಹಾಕಿದೆವು. ಕಾರಣದ ಮುಂದೆ 'ಮನೆಯ ಕೆಲಸ' ಎಂದು ಬರೆದೆವು. ಬುತ್ತಿಯ ಗಂಟು ಹೊತ್ತು ನಾಲ್ವರೂ ಬಸ್ಸು ಹತ್ತಿದೆವು. ಆಷಾಢದ ವಾರಿಗೆಂದು ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಇದೇ ಘಟ್ಟ ಏರಿ ಹೋಗುತ್ತದೆಂದಾಗ ಅವ್ವ ಕಿಡಕಿಯಿಂದಲೇ ಕೈ ಮುಗಿದಳು. ಸಾಸವಡ ದಾಟಿ ಇಳಿದು ಸ್ವಲ್ಪ ನಡೆದರೆ, ಎದೆಮಟ್ಟ ಜೋಳ. ಅವ್ವ ಒಂದು ತೆನೆ ಬಗ್ಗಿಸಿ ನೋಡಿ, "ಮಾಲದಂಡಿ," ಅಂದಳು. ಬಹಳ ದಿನಕ್ಕೆ ಕಂಡ ನೆಂಟರ ಹೆಸರು ಹೇಳಿದ ಹಾಗೆ.

ಹೊಲದೊಡತಿ ಅವ್ವನ ವಾರಿಗೆಯವಳೇ. ನಮ್ಮ ವಿಚಿತ್ರ ವಿನಂತಿ ಕೇಳಿ ಮೊದಲು ನಕ್ಕಳು. ಹೊಲಕ್ಕೆ ಉಣ್ಣಲಿಕ್ಕೆ ಇಡುತ್ತೇನೆಂದರೆ ಯಾರಾದರೂ ಬೇಡ ಅಂದಾರೆಯೇ ಎಂದು ತಾನೇ ಐದು ಕಲ್ಲು ಆರಿಸಿ ತಂದಳು. ಪೂಜೆಯಾಯಿತು. ಅವ್ವ ಸೆರಗು ಸಿಗಿಸಿ, ಬುಟ್ಟಿ ಹಿಡಿದು, "ಹುಲಿಗ್ಯೋ!" ಎಂದು ಕೂಗುತ್ತ ಬದುವಿನ ಗುಂಟ ಚರಗ ಚೆಲ್ಲುತ್ತ ನಡೆದಳು. ಅಜ್ಜಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನಮ್ಮ ಐದನೆಯ ಇಯತ್ತೆಯ ಮಗಳಿಗೆ ಗೊತ್ತಿರಲಿಲ್ಲ. ಅವಳೂ ಹಿಂದೆ ಓಡಿದಳು.

ಬದುವಿನ ಮೇಲೆ ಎಲ್ಲರೂ ಕೂಡಿ ಉಂಡೆವು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಒಡತಿಯ ಮಗ ಕುಳ್ಳಿನ ಕೆಂಡದಲ್ಲಿ ನಾಲ್ಕು ಎಳೆ ತೆನೆ ಸುಟ್ಟು ತಿಕ್ಕಿ ಕೊಟ್ಟ. ಅವರು ಹುರಡಾ ಎನ್ನುತ್ತಾರೆ, ನಾವು ಸೀತನಿ. ಪುಣೆಯವರು ತಲೆಗಿಷ್ಟೆಂದು ಹಣ ಕೊಟ್ಟು ತಿನ್ನಲು ಹೋಗುವ ಪದಾರ್ಥ ಅದು. ಮಾತಿಗೆ ಮಾತು ಬಂದು ಒಡತಿ, ಆ ತಾಲ್ಲೂಕಿಗೆ ವಿಮಾನ ನಿಲ್ದಾಣ ಬರುವ ಮಾತು ವರ್ಷಗಟ್ಟಲೆ ನಡೆದಿದೆ, ಭೂಮಿಗೆ ಬೆಲೆ ಏರಿದೆ, ಮಾರೋಣವೆಂದು ಮಗ ಹಟ ಹಿಡಿದಿದ್ದಾನೆ ಎಂದಳು. ಮರಾಠಿಯಾದರೂ ಅವ್ವನಿಗೆ ತಿಳಿಯಿತು.

"ಕೊಡಬ್ಯಾಡವಾ," ಅಂದಳು. ನಮ್ಮ ಕಡೆ ತಿರುಗಿ, "ಹೇಳಪಾ ಆಕಿಗೆ, ಅವರ ಮಾತಿನ್ಯಾಗ."

ತರ್ಜುಮೆ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಕಚೇರಿಯಲ್ಲಿ ಎಷ್ಟೋ ಕಾಗದಗಳ ತರ್ಜುಮೆ ಮಾಡಿದ್ದೇವೆ. ಇಷ್ಟು ಸಣ್ಣ ವಾಕ್ಯಕ್ಕೆ ಇಷ್ಟು ಹೊತ್ತು ಹಿಡಿದದ್ದಿಲ್ಲ. ಹೇಳಿದೆವು. ಒಡತಿಯ ಮಗ ನೆಲ ನೋಡಿದ. ನಾವೂ ಅದನ್ನೇ ಮಾಡಿದೆವು. ಅವ್ವ ನಮ್ಮ ಕೈಗೆ ಇನ್ನೊಂದು ಹಿಡಿ ಸೀತನಿ ಹಾಕಿ, "ಆರತೈತಿ, ತಿನ್ನು," ಅಂದಳು.

ಮನೆಗೆ ಬರುವಷ್ಟರಲ್ಲಿ ಕತ್ತಲಾಗಿ ಥಂಡಿ ಬಿಗಿದಿತ್ತು. ಗೇಟಿನ ಹತ್ತಿರ ಕಾವಲುಗಾರ ಒಣಕಟ್ಟಿಗೆ ಕೂಡಿಸಿ ಶೇಕೋಟಿ ಹಾಕಿಕೊಂಡಿದ್ದ. ಅವನ ಪಾಲಿನ ರೊಟ್ಟಿ ಪಲ್ಲೆ ಅವ್ವ ಬೇರೆಯೇ ಕಟ್ಟಿ ಇಟ್ಟಿದ್ದಳು. ಅವನು ಉಣ್ಣುತ್ತ, ಅವರ ಊರಲ್ಲಿ 'ಓಲಗೆ' ಎಂದು ಕೂಗುತ್ತಾರೆಂದು ಹೇಳಿದ. "ನಮ್ಮದೂ ಹಂಗ ಐತ್ಯೋ," ಎಂದು ಅವ್ವ ಅಲ್ಲಿಯೇ ಒಂದು ಇಟ್ಟಂಗಿಯ ಮೇಲೆ ಕೂತು ಬೆಂಕಿಗೆ ಕೈ ಚಾಚಿದಳು. ನಾವು ಮೇಲೆ ಹೋಗಿ ಕೌದಿ ತಂದು ಹೊಚ್ಚಿದೆವು. ಒಂಬತ್ತು ಹೊಡೆದರೂ ಅವಳು ಏಳಲಿಲ್ಲ. ನಮ್ಮ ಮಗಳೂ ಕೌದಿಯ ಒಂದು ಅಂಚು ಎಳೆದುಕೊಂಡು ಅವಳ ಮಗ್ಗುಲಿಗೆ ಕೂತಳು. ಆಮೇಲೆ ನಾವಿಬ್ಬರೂ ಕೂತೆವು.